ಸ್ಪೀಕರ್ ಸ್ಟ್ಯಾಂಡ್ ಮನ್ಯಾಗ ಮಾಡ್ಕೊಳ್ಳೋರಿಗೆ

ಬುಕ್‌ಶೆಲ್ಫ್ ಸ್ಪೀಕರ್‌ಗೆ (ಕಪಾಟಿನ್ಯಾಗ ಇಡೋವಂಥ ಸಣ್ಣ ಸ್ಪೀಕರ್) ಕಟ್ಟಿಗಿ ಸ್ಟ್ಯಾಂಡ್ ಮಾಡೋರು ಮೊದಲು ಎತ್ತರ ನೋಡ್ಕೋರಿ. ದಿನಾ ಹಾಡು ಕೇಳೋ ಕುರ್ಚಿ ಮ್ಯಾಲೆ ಕುಂತು, ನೆಲದಿಂದ ಕಿವಿಮಟ ಟೇಪ್ ಹಿಡೀರಿ. ಟ್ವೀಟರ್, ಅಂದ್ರ ಸ್ಪೀಕರಿನ್ಯಾಗ ಕೀಚಲು ದನಿ ಹೊರಡಿಸೋ ಸಣ್ಣ ಭಾಗ, ಅಲ್ಲಿಗೇ ಬರಬೇಕು, ಸಾಮಾನ್ಯವಾಗಿ 90 ಸೆಂ.ಮೀ. ಆಸುಪಾಸು. ಅದರಾಗ ಸ್ಪೀಕರಿನ ತಳದಿಂದ ಟ್ವೀಟರ್ ತನಕದ ಅಳತಿ ಕಳೀರಿ, ಉಳಿದದ್ದೇ ಸ್ಟ್ಯಾಂಡಿನ ಎತ್ತರ.

ಬಳ್ಳಾರಿ ಬಿಸಿಲಿಗೆ ಹಸಿ ಕಟ್ಟಿಗಿ ಸೀಳ್ತದ, ಎಷ್ಟೇ ಸೋವಿ ಸಿಕ್ರೂ ಬ್ಯಾಡ. ಹಳೇ ಬಾಗಿಲ ಚೌಕಟ್ಟಿನ ಸಾಗವಾನಿ ಸಿಕ್ರ ಬಿಡಬ್ಯಾಡ್ರಿ. ಇಲ್ಲಾಂದ್ರ 18 ಎಂ.ಎಂ. ಪ್ಲೈವುಡ್.

ನಾಕು ಪಟ್ಟಿ ಫೆವಿಕಾಲ್, ಸ್ಕ್ರೂ ಹಾಕಿ ಜೋಡಿಸಿ ಪೊಳ್ಳು ಕಂಬ ಮಾಡಿ, ಒಳಗ ಮರಳು ತುಂಬ್ರಿ. ಅಸಲು ಕೆಲಸ ಇದೇ. ಖಾಲಿ ಕಂಬ ಹಾಡಿನ್ಯಾಗ ಬೇಸ್ (ದಪ್ಪ ದನಿ) ಬಂದಾಗ ಗುಂಯ್ ಅಂತದ, ಮರಳು ಆ ಕಂಪನ ನುಂಗ್ತದ. ತೂಕಾನೂ ಬರ್ತದ, ಹುಡುಗರು ತಾಕಿದ್ರ ಲಗೂನ ಉರುಳಂಗಿಲ್ಲ. ಮರಳು ಜರಡಿ ಹಿಡಿದು, ತೊಳೆದು, ಮಾಳಿಗಿ ಮ್ಯಾಲೆ ಒಣಗಿಸ್ರಿ. ಮುಷ್ಟಿ ಬಿಗಿದ್ರ ಬೆರಳ ಸಂದ್ಯಾಗ ಸುರ್ರಂತ ಸೋರಬೇಕು. ಹಸಿ ಇದ್ರ ಪ್ಲೈವುಡ್ ಉಬ್ಬಿತು ಅಂತ ತಿಳೀರಿ.

ತಳದ ಹಲಗಿ ಸ್ಪೀಕರ್‌ಗಿಂತ ಅಗಲ ಇರ್ಲಿ. ಚೂಪು ಮೊಳಿಕಾಲು ನೋಡಾಕ ಛಂದ, ಆದ್ರ ಕಡಪಾ ಕಲ್ಲಿನ ನೆಲಕ್ಕ ಗೀರು ಬೀಳ್ತದ. ರಬ್ಬರ್ ಬುಷ್ ಸಾಕು.