ರಮ್ಮಿನಲ್ಲಿ ವೆನಿಲ್ಲಾ ಎಸೆನ್ಸ್: ನಾನು ಮಾಡುವ ಬಗೆ

ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ವೆನಿಲ್ಲಾ ಎಸೆನ್ಸ್ ಹೆಚ್ಚಾಗಿ ಕೃತಕ ವೆನಿಲಿನ್ (ವೆನಿಲ್ಲಾದ ಮುಖ್ಯ ಪರಿಮಳದ ಅಂಶ). ವೆನಿಲ್ಲಾ ಕೋಡಿನ ನಿಜವಾದ ಪರಿಮಳ ಬೇಕೆಂದರೆ ಮಲೆನಾಡಿನ ಒಳ್ಳೆಯ ಬೀನ್ಸ್ (ಸಂಸ್ಕರಿಸಿದ ಕೋಡು) ತಂದು ಮದ್ಯದಲ್ಲಿ ನೆನೆಹಾಕಬೇಕು. ನಾನು ಬಳಸುವುದು ಡಾರ್ಕ್ ರಮ್.

100 ಮಿ.ಲೀ. ರಮ್ಮಿಗೆ 10 ಗ್ರಾಂ ಬೀನ್ಸ್. 750 ಮಿ.ಲೀ. ಬಾಟಲಿಗೆ 75 ಗ್ರಾಂ, ಅಂದರೆ ಮಧ್ಯಮ ಗಾತ್ರದ ಸುಮಾರು 25 ಕೋಡು. ಬಾಟಲಿಗೆ ಐದಾರು ಕೋಡು ಹಾಕಿದರೆ ಸಾಕು ಎನ್ನುವವರಿದ್ದಾರೆ. ಅದು ವೆನಿಲ್ಲಾ ವಾಸನೆಯ ರಮ್ ಆದೀತೇ ಹೊರತು ಎಸೆನ್ಸ್ ಆಗದು. ಅಮೆರಿಕದ ಕಾನೂನು ವೆನಿಲ್ಲಾ ಎಕ್ಸ್‌ಟ್ರ್ಯಾಕ್ಟಿಗೆ ಲೀಟರಿಗೆ ಸುಮಾರು 100 ಗ್ರಾಂ ಬೀನ್ಸ್, ಕನಿಷ್ಠ 35% ಆಲ್ಕೋಹಾಲ್ ಇರಬೇಕೆಂದು ಹೇಳುತ್ತದೆ. ನನ್ನ ಅಳತೆಯೂ ಅದೇ.

ನಮ್ಮಲ್ಲಿ ಸಿಗುವ ರಮ್, ಬ್ರಾಂದಿ, ವಿಸ್ಕಿ, ವೋಡ್ಕಾಗಳ ಲೇಬಲ್ ಮೇಲೆ ಸಾಮಾನ್ಯವಾಗಿ 42.8% ಎಂದಿರುತ್ತದೆ. ಪಕ್ಕದಲ್ಲಿರುವ ‘75 ಡಿಗ್ರಿ ಪ್ರೂಫ್’ ನೋಡಿ ಮುಕ್ಕಾಲು ಪಾಲು ಆಲ್ಕೋಹಾಲ್ ಎಂದುಕೊಳ್ಳಬೇಡಿ. ಅದು ಬ್ರಿಟಿಷರ ಹಳೆಯ ಲೆಕ್ಕ, ಆ ಸಂಖ್ಯೆಯ ಏಳರಲ್ಲಿ ನಾಲ್ಕು ಪಾಲು ತೆಗೆದುಕೊಂಡರೆ ಶೇಕಡಾವಾರು ಸಿಗುತ್ತದೆ. ಕೋಡಿನಲ್ಲಿರುವ ನೀರು ಸೇರಿ ತೀಕ್ಷ್ಣತೆ ಸ್ವಲ್ಪ ಇಳಿದರೂ 35ಕ್ಕಿಂತ ಮೇಲೇ ಉಳಿಯುತ್ತದೆ. ತೆಂಗಿನಕಾಯಿ, ಕಾಫಿ ಪರಿಮಳದ ಸಿಹಿ ಲಿಕ್ಯೂರ್‌ಗಳಲ್ಲಿ ಎಷ್ಟೋ 20% ಆಸುಪಾಸಿನವು. ಅವು ಬೇಡ, ವೈನಂತೂ ಬೇಡವೇ ಬೇಡ. ವೆನಿಲಿನ್ ನೀರಿಗೂ ಅಷ್ಟಿಷ್ಟು ಇಳಿಯುತ್ತದೆ, ಆದರೆ ಕೋಡಿನ ರಾಳ, ಎಣ್ಣೆಯಂಶ ಹೊರಬರಲು ಆಲ್ಕೋಹಾಲೇ ಆಗಬೇಕು. ಹಾಗೆಂದು ತೀರಾ ಕಡಕ್ ಸ್ಪಿರಿಟ್ ಹಾಕಿದರೆ ಕೋಡಿನ ನೀರನ್ನೇ ಹೀರಿ ಅದನ್ನು ಸೆಟೆಸಿಬಿಡುತ್ತದೆ. ಕೈಗಾರಿಕೆಯ ಸ್ಪಿರಿಟ್ಟಿನ ಮಾತೇ ಬೇಡ, ಅದರಲ್ಲಿ ಮೆಥನಾಲ್ ಇರಬಹುದು, ಅದು ವಿಷ.

ವೆನಿಲ್ಲಾದ್ದೇ ಶುದ್ಧ ರುಚಿ ಬೇಕಾದರೆ ವೋಡ್ಕಾ. ಕೇಕಿಗೆ, ಬೆಲ್ಲದ ಸಿಹಿಗೆ ರಮ್. ನಮ್ಮ ಅಗ್ಗದ ವಿಸ್ಕಿ, ಬ್ರಾಂದಿಗಳಲ್ಲಿ ಬಹಳಷ್ಟು ಕಾಕಂಬಿಯ ಸ್ಪಿರಿಟ್ಟಿಗೆ ಬಣ್ಣ, ಪರಿಮಳ ಬೆರೆಸಿದವೇ. ಆ ಪರಿಮಳ ವೆನಿಲ್ಲಾ ಜೊತೆ ಜಗಳವಾಡುತ್ತದೆ.

ಬೀನ್ಸ್ ಬೆರಳಿಗೆ ಸುತ್ತಿದರೆ ಮುರಿಯದೆ ಬಾಗಬೇಕು. ಮೇಲೆ ಬಿಳಿ ಕಂಡರೆ ಬೆಳಕಿಗೆ ಹಿಡಿದು ನೋಡಿ. ಸೂಜಿಯಂತೆ ಮಿನುಗಿದರೆ ವೆನಿಲಿನ್ ಹರಳು, ಮಂಕಾಗಿ ಹತ್ತಿಯಂತಿದ್ದು ಮುಗ್ಗಲು ವಾಸನೆ ಬಂದರೆ ಬೂಷ್ಟು. ಬೂಷ್ಟು ಹಿಡಿದದ್ದನ್ನು ಒರೆಸಿ ಹಾಕುವ ಜಾಣತನ ಬೇಡ, ಎಸೆಯಿರಿ.

ಕೋಡನ್ನು ಉದ್ದಕ್ಕೆ ಸೀಳಿ ಎರಡು ಅಂಗುಲದ ತುಂಡು ಮಾಡಿ. ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿದ ಗಾಜಿನ ಬಾಟಲಿಗೆ ಹಾಕಿ ರಮ್ ಸುರಿಯಿರಿ. ತುಂಡುಗಳೆಲ್ಲ ಮುಳುಗಿರಬೇಕು. ರಮ್ಮಿನಿಂದ ಮೇಲೆ ತಲೆಯೆತ್ತಿದ ತುದಿಗೇ ಮೊದಲು ಬೂಷ್ಟು ಹಿಡಿಯುವುದು. ಮುಚ್ಚಳ ಬಿಗಿಯಾಗಿರಲಿ, ಸಡಿಲವಾದರೆ ಆಲ್ಕೋಹಾಲ್ ಆರಿಹೋಗುತ್ತದೆ. ಕತ್ತಲ ಕಪಾಟಿನಲ್ಲಿಟ್ಟು ವಾರಕ್ಕೊಮ್ಮೆ ಅಲುಗಾಡಿಸಿ. ಬೇಗ ಆಗಲೆಂದು ಒಲೆಯ ಮೇಲಿಟ್ಟು ಕಾಯಿಸಬೇಡಿ, ಆವಿಗೆ ಬೆಂಕಿ ಹತ್ತುತ್ತದೆ.

ಎರಡು ತಿಂಗಳಿಗೆ ಬಳಸಬಹುದು, ಆದರೆ ಆಗಿನ್ನೂ ರಮ್ಮಿನ ಘಾಟೇ ಮುಂದೆ. ಆರು ತಿಂಗಳಾದರೆ ದುಂಡಗಿನ ರುಚಿ. ಮೇಲೆ ತೇಲುವ ಎಣ್ಣೆಯ ಪೊರೆ, ತಳದ ಕಪ್ಪು ಬೀಜ ಕೆಟ್ಟದ್ದರ ಗುರುತಲ್ಲ. ಡಾಂಬರಿನಂಥ ಕಮಟು ಬಂದರೆ ಸಂಸ್ಕರಣೆ ಸರಿಯಾಗದ ಬೀನ್ಸ್ ಎಂದೇ ಅರ್ಥ, ಕಾದರೂ ಸರಿಹೋಗದು.

ಅರ್ಧ ಕೆ.ಜಿ. ಕೇಕಿಗೆ ಒಂದು ಟೀ ಚಮಚ. ಪಾಯಸಕ್ಕಾದರೆ ಒಲೆ ಆರಿಸಿ ಕೊನೆಗೆ ಹಾಕಿ, ಕುದಿಸಿದರೆ ಪರಿಮಳ ಹಾರುತ್ತದೆ. ಕ್ರೀಮು, ಐಸ್‌ಕ್ರೀಮಿಗೆ ಹಾಕಿದ ಆಲ್ಕೋಹಾಲ್ ಹಾಗೇ ಉಳಿಯುತ್ತದೆ, ಮದ್ಯ ಮುಟ್ಟದವರಿಗೆ ಬಡಿಸುವ ಮುನ್ನ ತಿಳಿಸಿ. ಸೋಸಿದ ಮೇಲೆ ಉಳಿದ ತುಂಡುಗಳನ್ನು ನೆರಳಲ್ಲಿ ಒಣಗಿಸಿ ಸಕ್ಕರೆ ಡಬ್ಬಿಗೆ ಹಾಕಿಡಿ, ಕಾಫಿಗೆ ಆ ಸಕ್ಕರೆ ಚೆನ್ನಾಗಿರುತ್ತದೆ.