ಅಪ್ಪಾಜಿಯ ಕಿರ್ದಿಯಿಂದ ಅವರ ಬದುಕು ಬರೆದದ್ದು: ನನ್ನ ಅನುಭವ

ಅಪ್ಪಾಜಿ ತೀರಿಕೊಂಡ ಮೇಲೆ ಅವರ ನೆನಪಿಗೆ ಪುಸ್ತಕ ತರೋಣ ಅಂದಾಗ ಯಾರೂ ಬೇಡ ಅನ್ನಲಿಲ್ಲ. ಅಂಗಡಿಯ ಕಿರ್ದಿಗಳನ್ನು, ಅಂದರೆ ದಿನದಿನದ ಜಮಾಖರ್ಚು ಬರೆದಿಟ್ಟ ಪುಸ್ತಕಗಳನ್ನು, ಇಟ್ಟುಕೊಂಡು ಬರೆಯುತ್ತೇನೆ ಅಂದಾಗ ಮಾತ್ರ ಎಲ್ಲರೂ ಬೇಡ ಅಂದರು. "ಶೇಂಗಾ, ಹಿಂಡಿ, ಹಮಾಲಿ ಲೆಕ್ಕ ಯಾರು ಓದ್ತಾರಪ್ಪ? ತೂಕಕ್ಕೆ ಹಾಕು" ಅಂದರು ಚಿಕ್ಕಪ್ಪ. ಈಗ ಆ ಪುಸ್ತಕ ಎರಡನೇ ಸಲ ಅಚ್ಚಾಗಿದೆ. ಇಂಥ ಪುಸ್ತಕ ಮಾಡಿದವರಿಗೆ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಣೆ), ಫಾರಂ (ಒಂದೇ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಅಚ್ಚಾಗುವ ಪುಟಗಳು), ಕಾಗದದ ಲೆಕ್ಕವೆಲ್ಲ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ಎಲ್ಲರ ಹಾಗೆ ನಾನೂ ಪತ್ರ ಬರೆದು ಲೇಖನ ಕೇಳಿದೆ. ಅರವತ್ತು ಜನಕ್ಕೆ ಕಳಿಸಿದರೆ ಇಪ್ಪತ್ತೈದೋ ಇಪ್ಪತ್ತಾರೋ ಬಂದವು. ಎಲ್ಲದರಲ್ಲೂ ಅಜಾತಶತ್ರು, ಸರಳ ಸಜ್ಜನಿಕೆ, ತುಂಬಲಾರದ ನಷ್ಟ. ಹೆಸರು ಮುಚ್ಚಿ ಓದಿದರೆ ದಾವಣಗೆರೆ ಮಂಡಿಪೇಟೆಯ ಯಾವ ಸಾಹುಕಾರರಿಗಾದರೂ ಹೊಂದುತ್ತಿತ್ತು. ಟೈಪ್ ಮಾಡಿಸಿದ ನಾಲ್ಕು ಸಾವಿರ ನೀರುಪಾಲು. ಆಮೇಲೆ ರೆಕಾರ್ಡರ್ ಹಿಡಿದು ನಮ್ಮ ಹಮಾಲಿ ಅಜ್ಜನ ಮನೆಗೆ ಹೋದೆ. ನಲವತ್ತು ವರ್ಷ ನಮ್ಮಂಗಡಿಯ ಮೂಟೆ ಹೊತ್ತವರು. "ದ್ಯಾವರಂಥ ಮನುಷ್ಯ" ಅಂದವರು ಮುಂದೆ ಬಾಯಿ ಬಿಡಲಿಲ್ಲ.

ಅಟ್ಟದ ಮೇಲೆ ಮೂವತ್ತೊಂದು ಕಿರ್ದಿ ಪುಸ್ತಕ ಇದ್ದವು, ಕೆಂಪು ಬಟ್ಟೆಯ ರಟ್ಟು, ಮೊದಲ ಪುಟದಲ್ಲಿ ಶ್ರೀಕಾರ, ಅರಿಶಿನ ಕುಂಕುಮ. ಐದಾರು ಗೆದ್ದಲಿಗೆ ಹೋಗಿದ್ದವು. ಎರಡನೇ ಸಲ ರೆಕಾರ್ಡರ್ ಬಿಟ್ಟು ಒಂದು ಕಿರ್ದಿ ಒಯ್ದು ಅಜ್ಜನಿಗೆ ಓದಿದೆ: "ಹಮಾಲಿ 6-50, ಟಾರ್ಪಾಲು ಬಾಡಿಗೆ 2-00." ಅಜ್ಜ ಎದ್ದು ಕೂತರು. "ಅವತ್ತು ಮಳಿ. ಲೋಡು ವಾಪಸ್ ಬಂತು. ಏರಿಸಿದ್ದಕ್ಕೂ ಕೊಟ್ರು, ಇಳಿಸಿದ್ದಕ್ಕೂ ಕೊಟ್ರು. ಆ ದಿನ ಅವರಿಗೆ ಬರೇ ಲುಕ್ಸಾನು." ಅಲ್ಲಿಂದ ಅರ್ಧ ಗಂಟೆ ಮಾತು ನಿಲ್ಲಲಿಲ್ಲ.

ನನ್ನ ಕ್ರಮ ಇಷ್ಟೇ. ಒಬ್ಬರಿಗೆ ಒಂದು ಸಾಲು ಓದುವುದು, ಪ್ರಶ್ನೆ ಕೇಳದೆ ಕಾಯುವುದು. ಯಾರಿಗೆ ಯಾವ ಪುಟ ಅಂತ ಆರಿಸುವುದರಲ್ಲಿ ಒಂದು ಗುಟ್ಟಿದೆ, ಅದನ್ನಿಲ್ಲಿ ಬರೆಯುವುದಿಲ್ಲ. ಎದುರಿಗೆ ಸಿಕ್ಕರೆ ಪುಸ್ತಕ ಇಟ್ಟುಕೊಂಡು ತೋರಿಸಿಕೊಡುತ್ತೇನೆ.

ಮಾಸಿದ ಪುಟಗಳ ಮೇಲೆ ಬೇರೊಂದು ಪ್ರಯೋಗ ಮಾಡಿದೆ. ಅಂಗಡಿಯಲ್ಲಿ ಖೋಟಾ ನೋಟು ನೋಡುವ ನೇರಳೆ ದೀಪವನ್ನು ಕತ್ತಲೆ ಕೋಣೆಯಲ್ಲಿ ಪುಟದ ಮೇಲೆ ಹಿಡಿದೆ. ನೀಲಿ-ಕಪ್ಪು ಶಾಯಿಯ ಅಕ್ಷರ ಕಪ್ಪಾಗಿ ಎದ್ದು ಕಂಡವು, ಅದರಲ್ಲಿ ಕಬ್ಬಿಣದ ಅಂಶ ಇರುವುದರಿಂದ. ಬರೀ ನೀಲಿ ಶಾಯಿಯದು ಏನೂ ಕಾಣಲಿಲ್ಲ. ಎರಡು ವಾರ ಅದರಲ್ಲೇ ಕಳೆದೆ, ಸಿಕ್ಕಿದ್ದು ಹತ್ತು ಹನ್ನೆರಡು ಪುಟ. ಆದರೂ ಆ ಕತ್ತಲಲ್ಲಿ ಅಪ್ಪಾಜಿಯ ಅಕ್ಷರ ಒಂದೊಂದಾಗಿ ಮೂಡಿದ್ದನ್ನು ನಾನು ಮರೆಯಲಾರೆ.

ದೊಡ್ಡ ಪೆಟ್ಟು ಬಿದ್ದದ್ದು ವರ್ಷದ ಲೆಕ್ಕದಲ್ಲಿ. ಪುಟದ ತಲೆಯಲ್ಲಿ ತಾರೀಖು, ತಿಂಗಳು ಮಾತ್ರ, ವರ್ಷ ರಟ್ಟಿನ ಮೇಲೆ. 1966-67 ಅಂದರೆ ಏಪ್ರಿಲ್‌ನಿಂದ ಮಾರ್ಚ್ ಅಂತ ಹಿಡಿದುಬಿಟ್ಟೆ. 1989ರಲ್ಲಿ ಆದಾಯ ತೆರಿಗೆಗೆ ಎಲ್ಲರೂ ಮಾರ್ಚ್ 31ಕ್ಕೇ ವರ್ಷ ಮುಗಿಸಬೇಕು ಅಂತ ಆಗುವವರೆಗೆ ನಮ್ಮಂಗಡಿಯ ವರ್ಷ ದೀಪಾವಳಿಯಿಂದ ದೀಪಾವಳಿಗೆ. ಪುಸ್ತಕ ಹಂಚಿದ ಮೂರನೇ ದಿನ ಅತ್ತೆ ಫೋನ್ ಮಾಡಿದರು: "ನನ್ನ ಮದುವೀನ ಒಂದು ವರ್ಷ ಮುಂಚೇನೇ ಮಾಡಿಬಿಟ್ಟೀಯಲ್ಲೋ!" ಅವರ ಮದುವೆ ಮೇ ತಿಂಗಳಲ್ಲಿ. ದೀಪಾವಳಿ ಲೆಕ್ಕದಲ್ಲಿ ಅದು ರಟ್ಟಿನ ಮೇಲಿನ ಎರಡನೇ ವರ್ಷಕ್ಕೆ ಬರಬೇಕು, ನಾನು ಮೊದಲನೇ ವರ್ಷಕ್ಕೆ ಹಾಕಿದ್ದೆ. ಒಂದು ಇಡೀ ಫಾರಂ ಮತ್ತೆ ಹಾಕಿಸಿ ಬೈಂಡು ಬಿಚ್ಚಿಸಿದ್ದಕ್ಕೆ ಹತ್ತಿರಹತ್ತಿರ ಒಂಬತ್ತು ಸಾವಿರ. ಮುನ್ನೂರು ಪ್ರತಿಗೆ ಎಲ್ಲ ಸೇರಿ ಲಕ್ಷದ ಹತ್ತು ಸಾವಿರ ಆಗಿರಬೇಕು.

ಇನ್ನು ಹರಿಹರದ ಸಾಲು. ನಾನು ಹುಟ್ಟಿದ ವರ್ಷದ ಕಿರ್ದಿಯಲ್ಲಿ "ಹರಿಹರ ಬಸ್ ಚಾರ್ಜು" ಅಂತ ಮೇಲಿಂದ ಮೇಲೆ ಬರುತ್ತದೆ, ಹೋಗಿಬರಲು ಒಂದೂಕಾಲು ರೂಪಾಯಿಯಂತೆ. ಎಣಿಸಿದೆ, 42 ಸಲ. ವಸೂಲಿಗೆ ಹೋಗುತ್ತಿದ್ದರು ಅಂತ ಚಿಕ್ಕಪ್ಪ. ಆದರೆ ಜಮಾ ಕಡೆ ಹರಿಹರದಿಂದ ಬಂದ ಒಂದು ರೂಪಾಯಿಯೂ ಇಲ್ಲ. ಅವ್ವನಿಗೆ ಓದಿದೆ. ಸೆರಗು ಬಾಯಿಗೆ ಹಿಡಿದು ನಕ್ಕರು. ಬಾಣಂತನಕ್ಕೆ ಅವರಿದ್ದದ್ದು ಹರಿಹರದ ತವರಿನಲ್ಲಿ. ಅಪ್ಪಾಜಿ ಸಂಜೆ ಅಂಗಡಿ ಬಾಗಿಲು ಹಾಕಿ ವಸೂಲಿ ಅಂತ ಹೇಳಿ ಬಸ್ ಹತ್ತುತ್ತಿದ್ದರಂತೆ. ಮಾವನ ಮನೆಯಲ್ಲಿ ದಿನಾ ಕೂರಲು ಸಂಕೋಚ. ಪಡಸಾಲೆಯಲ್ಲಿ ನಿಂತೇ ನನ್ನನ್ನು ಎತ್ತಿಕೊಂಡು, ಒಂದು ಲೋಟ ನೀರು ಕುಡಿದು, ಕೊನೆಯ ಬಸ್ಸಿಗೆ ವಾಪಸ್.

ಪುಸ್ತಕದಲ್ಲಿ ಆ ಪುಟ ಓದಿಸಿದಾಗ ಅವ್ವ ಬೆರಳಿಟ್ಟು ತೋರಿಸಿದರು. "42 ಅಲ್ಲೋ, 43. ಒಂದಿನ ಬಸ್ ತಪ್ಪಿ ಯಾರದೋ ಲಾರ್ಯಾಗ ಬಂದಿದ್ರು. ದುಡ್ಡು ಕೊಟ್ಟಿಲ್ಲಲ್ಲ, ಅದಕ್ಕ ಬರದಿಲ್ಲ." ಎರಡನೇ ಮುದ್ರಣದಲ್ಲಿ 43 ಅಂತ ತಿದ್ದಿಸಿದ್ದೇನೆ.