ಲ್ಯಾಬ್ ಟೆಕ್ನಿಶಿಯನ್ ಆಗಿ ಅಮೆರಿಕಕ್ಕೆ ಬರುವವರಿಗೆ: ಮೊದಲು ಕಾಗದಪತ್ರ, ಆಮೇಲೆ ಪುಸ್ತಕ

ನೀವಿನ್ನೂ ವಿಮಾನ ಹತ್ತಿಲ್ಲವಾದರೆ ಒಳ್ಳೆಯದೇ ಆಯಿತು. ಚಟ್ನಿಪುಡಿ ಕಟ್ಟುವ ಮುಂಚೆ ಓದಿದ ಕಾಲೇಜಿಗೊಮ್ಮೆ ಹೋಗಿಬನ್ನಿ. ಪರೀಕ್ಷೆಗೆ ಓದಲು ನನಗೆ ನಾಲ್ಕು ತಿಂಗಳು ಸಾಕಾಯಿತು, ಕಾಗದಗಳು ಕೈಗೆ ಬರಲು ಒಂದು ವರ್ಷವೇ ಹಿಡಿಯಿತು.

ಇಲ್ಲಿನ ಆಸ್ಪತ್ರೆಗಳು ಹೆಚ್ಚಾಗಿ ಕೇಳುವುದು ಎಎಸ್‌ಸಿಪಿ ಎಂಬ ಸಂಸ್ಥೆ ಪರೀಕ್ಷೆ ಮಾಡಿ ಕೊಡುವ ಸರ್ಟಿಫಿಕೇಟು. ಎಎಂಟಿ ಎಂಬ ಸಂಸ್ಥೆಯದೂ ಇದೆ. ಎಎಸ್‌ಸಿಪಿಯಲ್ಲಿ ಎಂಎಲ್‌ಟಿ (ಲ್ಯಾಬ್ ಟೆಕ್ನಿಶಿಯನ್) ಒಂದು ಮೆಟ್ಟಿಲು, ಎಂಎಲ್‌ಎಸ್ (ಲ್ಯಾಬ್ ಸೈಂಟಿಸ್ಟ್) ಅದರ ಮೇಲಿನದು. ಎಂಎಲ್‌ಎಸ್‌ಗೆ ಇಲ್ಲಿನ ಬ್ಯಾಚುಲರ್ ಡಿಗ್ರಿಗೆ ಸಮನಾದ ಓದು ಬೇಕು. ನಮ್ಮ ಮೂರು ವರ್ಷದ ಬಿಎಸ್ಸಿಯನ್ನು ಎಲ್ಲರೂ ಹಾಗೆ ಒಪ್ಪುವುದಿಲ್ಲ. ಅದನ್ನು ತೂಗಿ ನೋಡುವುದು ಡಬ್ಲ್ಯುಇಎಸ್, ಇಸಿಇಯಂಥ ಸಂಸ್ಥೆಗಳು. ಸಬ್ಜೆಕ್ಟುವಾರು ಲೆಕ್ಕವಿರುವ ವರದಿಯನ್ನೇ ತರಿಸಿ. ಅಗ್ಗದ ವರದಿ ತರಿಸಿದರೆ ಆ ದುಡ್ಡು ದಂಡ.

ಮಾರ್ಕ್ಸ್ ಕಾರ್ಡುಗಳು ವಿಶ್ವವಿದ್ಯಾಲಯದ ಸೀಲಿರುವ ಲಕೋಟೆಯಲ್ಲೇ ಆ ಸಂಸ್ಥೆಗೆ ತಲುಪಬೇಕು. ನನ್ನ ಲಕೋಟೆ ಮಾವನವರ ಕೈಗೆ ಸಿಕ್ಕಿತು. ಎಲ್ಲಾ ಸರಿಯಿದೆಯೋ ನೋಡೋಣ ಅಂತ ಪಾಪ ಅವರು ಅದನ್ನು ಬಿಚ್ಚಿ ನೋಡಿ, ಫೆವಿಕಾಲ್ ಹಚ್ಚಿ ಕೊರಿಯರ್ ಮಾಡಿದರು. ಮೂರು ತಿಂಗಳು ನೀರಲ್ಲಿ ಹೋಮ!

ಇನ್ನೊಂದು ನಮ್ಮವರದೇ ತಾಪತ್ರಯ, ಇನಿಷಿಯಲ್ಲು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಹಿಂದೆ ಬರೀ ಕೆ.ಎನ್., ಪಾಸ್‌ಪೋರ್ಟಿನಲ್ಲಿ ಅದೇ ಊರು ಮತ್ತು ಅಪ್ಪನ ಹೆಸರಾಗಿ ಬಿಡಿಸಿಕೊಂಡಿರುತ್ತದೆ. ಮದುವೆಯಾದ ಮೇಲೆ ಗಂಡನ ಹೆಸರೂ ಸೇರಿದ್ದರೆ ಕೇಳಲೇಬೇಡಿ. ಎಲ್ಲ ಒಬ್ಬರದೇ ಎಂಬ ಅಫಿಡವಿಟ್ ಊರಲ್ಲೇ ಮಾಡಿಸಿ. ಅರ್ಜಿಯ ಹೆಸರು, ಗುರುತಿನ ಚೀಟಿಯ ಹೆಸರು ಒಂದೇ ಇರದಿದ್ದರೆ ಪಿಯರ್‌ಸನ್ ವ್ಯೂ ಪರೀಕ್ಷಾ ಕೇಂದ್ರದ ಬಾಗಿಲಿಂದಲೇ ವಾಪಸ್. ಕೆಲಸದ ಅನುಭವದ ಮೇಲೆ ಅರ್ಜಿ ಹಾಕುವವರು ಯಾವ ಯಾವ ವಿಭಾಗದಲ್ಲಿ ದುಡಿದಿದ್ದೀರೆಂಬ ಫಾರ್ಮಿಗೆ ಹಳೆಯ ಬಾಸ್ ರಿಟೈರ್ ಆಗುವ ಮುಂಚೆಯೇ ಸಹಿ ಹಾಕಿಸಿಕೊಳ್ಳಿ.

ಪರೀಕ್ಷೆ ಎರಡೂವರೆ ಗಂಟೆ, 100 ಪ್ರಶ್ನೆ. ಉತ್ತರ ಸರಿಯಾದಷ್ಟೂ ಮುಂದಿನದು ಕಠಿಣವಾಗುತ್ತ ಹೋಗುತ್ತದೆ. ಹಾಗಾಗಿ ಪಾಸಾಗುತ್ತಿರುವವರಿಗೂ ಮುಳುಗಿದೆವು ಅಂತಲೇ ಅನ್ನಿಸುತ್ತದೆ. 999ರ ಅಳತೆಯಲ್ಲಿ 400 ಬಂದರೆ ಸಾಕು.

ಹೆಮಟಾಲಜಿ, ಬಯೋಕೆಮಿಸ್ಟ್ರಿ ನಮಗೆ ಅಷ್ಟು ಕಷ್ಟವಲ್ಲ. ಕೈಕೊಡುವುದು ಬ್ಲಡ್ ಬ್ಯಾಂಕ್. ಊರಿನ ಲ್ಯಾಬಿನಲ್ಲಿ ನಾನು ಗ್ರೂಪಿಂಗ್, ಕ್ರಾಸ್‌ಮ್ಯಾಚ್ ಮಾಡಿದ್ದೆನೇ ಹೊರತು ರೋಗಿಯ ರಕ್ತದಲ್ಲಿ ಯಾವ ಆಂಟಿಬಾಡಿ ಇದೆಯೆಂದು ಹುಡುಕುವ ಆಂಟಿಬಾಡಿ ಪ್ಯಾನೆಲ್ ಹಾಳೆಯನ್ನು ಕಣ್ಣಿಂದ ನೋಡಿರಲಿಲ್ಲ. ಆ ಪ್ಲಸ್, ಜೀರೋ ಕೋಷ್ಟಕವನ್ನು ದಿನಕ್ಕೆರಡು ಬಿಡಿಸಿ. ಆರ್‌ಎಚ್ ನೆಗೆಟಿವ್ ಬಾಣಂತಿಗೆ ಎಷ್ಟು ವಯಲ್ ಆಂಟಿ-ಡಿ (ಮಗುವಿನ ರಕ್ತದ ವಿರುದ್ಧ ತಾಯಿಯಲ್ಲಿ ಆಂಟಿಬಾಡಿ ಹುಟ್ಟದಂತೆ ಕೊಡುವ ಚುಚ್ಚುಮದ್ದು) ಎಂಬ ಲೆಕ್ಕವನ್ನೂ ಬಾಯಿಪಾಠ ಮಾಡಿ. ಕ್ಲೈಹಾವರ್-ಬೆಟ್ಕೆ ಪರೀಕ್ಷೆಯಲ್ಲಿ ತಾಯಿಯ ರಕ್ತದೊಳಗೆ ಕಂಡ ಮಗುವಿನ ಕಣಗಳು ಶೇ. 1.2 ಎಂದಿಟ್ಟುಕೊಳ್ಳಿ. ಅದಕ್ಕೆ 50 ಗುಣಿಸಿ: ತಾಯಿಗೆ ಸೇರಿದ ಮಗುವಿನ ರಕ್ತ 60 ಮಿಲಿ. 300 ಮೈಕ್ರೋಗ್ರಾಮಿನ ಒಂದು ವಯಲ್ 30 ಮಿಲಿಗೆ, ಅಂದರೆ ಎರಡು. ಅದರ ಮೇಲೊಂದು ಸೇರಿಸಿ ಮೂರು. ನಾನು ಆ ‘ಮೇಲೊಂದನ್ನು’ ಮರೆತು ಅಭ್ಯಾಸ ಪರೀಕ್ಷೆಗಳಲ್ಲಿ ಎಷ್ಟು ಸಲ ತಪ್ಪು ಮಾಡಿದ್ದೇನೋ.

ಪಾಸಾದ ಮೇಲೆ ಯಾವ ರಾಜ್ಯ ಅನ್ನುವುದನ್ನೂ ನೋಡಿ. ನಾನಿರುವ ನ್ಯೂಜೆರ್ಸಿಯಲ್ಲಿ ರಾಜ್ಯದ ಲೈಸೆನ್ಸ್ ಬೇಡ. ಹಡ್ಸನ್ ನದಿ ದಾಟಿದರೆ ನ್ಯೂಯಾರ್ಕ್, ಅಲ್ಲಿ ಬೇಕು. ಕ್ಯಾಲಿಫೋರ್ನಿಯಾ, ಫ್ಲೋರಿಡಾಗಳಲ್ಲೂ ಬೇಕು. ಯಜಮಾನರಿಗೆ ಕೆಲಸ ಸಿಕ್ಕಿದ ಊರಿನ ಮೇಲೆ ನಿಮ್ಮ ಹಣೆಬರಹ. ಸರ್ಟಿಫಿಕೇಟನ್ನೂ ಮೂರು ವರ್ಷಕ್ಕೊಮ್ಮೆ ಮುಂದುವರಿದ ಕಲಿಕೆಯ 36 ಪಾಯಿಂಟ್ ಕೂಡಿಸಿ ನವೀಕರಿಸಬೇಕು.

ಗಂಡ ಅಥವಾ ಹೆಂಡತಿಯ ಕೆಲಸದ ವೀಸಾ ಜೊತೆ ಬರುವ ಎಚ್-4 ವೀಸಾದಲ್ಲಿ ಇರುವವರು ಪರೀಕ್ಷೆ ಬರೆಯಬಹುದು, ಆದರೆ ಕೆಲಸಕ್ಕೆ ಸೇರಲು ಇಎಡಿ ಎಂಬ ಕೆಲಸದ ಪರವಾನಗಿ ಕಾರ್ಡು ಬೇಕೇ ಬೇಕು. ಅದು ಕೈಯಲ್ಲಿದ್ದು ಪರೀಕ್ಷೆ ಬಾಕಿ ಇದ್ದರೆ ಸುಮ್ಮನೆ ಮನೆಯಲ್ಲಿ ಕೂರಬೇಡಿ. ಸ್ಯಾಂಪಲ್ ಪ್ರೊಸೆಸಿಂಗ್ ಕೆಲಸಕ್ಕೆ ಹಾಕಿ, ನೈಟ್ ಶಿಫ್ಟ್ ಆದರೆ ಬೇಗ ಸಿಗುತ್ತದೆ. ನಾನು ಹಾಗೆ ಎಂಟು ತಿಂಗಳು ಬಾರ್‌ಕೋಡ್ ಅಂಟಿಸಿ, ಟ್ಯೂಬ್ ತಿರುಗಿಸಿದೆ. ರಾತ್ರಿ ಮೂರಕ್ಕೆ ಕೆಲಸ ಕಮ್ಮಿಯಾದಾಗ ಬ್ಲಡ್ ಬ್ಯಾಂಕಿನ ಹಿರಿಯಮ್ಮ ಹಳೆಯ ಪ್ಯಾನೆಲ್ ಹಾಳೆಗಳನ್ನು ನನ್ನ ಮುಂದೆ ಹಾಕಿ, ‘ಬಿಡಿಸು ನೋಡೋಣ’ ಅನ್ನುತ್ತಿದ್ದರು.